ಮಣ್ಣು ಮುಚ್ಚದ ಅಂಚು

ಎರಡು ಕೋಳಿ ಸತ್ತು ಬಿದ್ದಿದ್ದವು. ಮೂರನೆಯದು ಕಾಣಲಿಲ್ಲ. ಆ ಮೂರನೆಯ ಕೋಳಿಯ ಭಯ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಅದಕ್ಕೇ ತಪ್ಪೊಪ್ಪಿಕೊಂಡು ಬರೆಯುತ್ತಿದ್ದೇನೆ.

ದಾಂಡೇಲಿಯಲ್ಲಿ ಕೆಲಸ ಮುಗಿಸಿ ಸಾಂಬ್ರಾಣಿ ಹತ್ತಿರದ ನಮ್ಮೂರಿಗೆ ಮರಳಿದ ಮೇಲೆ, ಮನೆ ಹಿಂದಿನ ಹತ್ತು ಗುಂಟೆಯಲ್ಲಿ ಊಟಕ್ಕಾಗುವಷ್ಟು ಭತ್ತ ಬೆಳೆಯುತ್ತೇನೆ. ನನ್ನಲ್ಲಿ ಎತ್ತಿಲ್ಲ, ಕುಂಟೆಯಿಲ್ಲ. ಟ್ರ್ಯಾಕ್ಟರಿನವರು ಒಮ್ಮೆ ಉತ್ತು ಹೋದರೆ ಅಷ್ಟು ಸಣ್ಣ ತುಂಡಿಗೆ ಮತ್ತೆ ಬರುವುದಿಲ್ಲ. ಹಾಗಾಗಿ ಬೀಜವನ್ನು ಕೈಯಿಂದ ಚೆಲ್ಲಿ, ಜಾಲಿಯ ದೊಡ್ಡ ಮುಳ್ಳುಕಂಟಿಯೊಂದನ್ನು ಕಡಿದು, ಮೇಲೊಂದು ಕಲ್ಲು ಕಟ್ಟಿ, ಹಗ್ಗ ಹೆಗಲಿಗೆ ಹಾಕಿ ಎಳೆಯುತ್ತೇನೆ. ಮುಳ್ಳು ಮಣ್ಣು ಕೆದರಿ ಬೀಜ ಮುಚ್ಚುತ್ತದೆ. ಕಲ್ಲು ಭಾರವಾದರೆ ಬೀಜ ಒಂದೆಡೆ ಗುಡ್ಡೆಯಾಗುತ್ತದೆ, ಹಗುರಾದರೆ ಮಣ್ಣು ಅಲುಗುವುದಿಲ್ಲ.

ಹಿಂದಿನ ವರ್ಷ ನವಿಲುಗಳು ಅರ್ಧ ಬೀಜ ಆರಿಸಿ ತಿಂದಿದ್ದವು. ಆ ಸಿಟ್ಟಿಗೆ ಈ ಸಲ, ಬೀಜಕ್ಕೆ ಹತ್ತುವ ಇರುವೆಗೆಂದು ಸುಳ್ಳು ಹೇಳಿ ವಿಷದ ಪುಡಿ ತಂದು ಬೀಜಕ್ಕೆ ಕಲಸಿದೆ. "ಚೆಲ್ಲಿದ ಕೂಡ್ಲೇ ಮಣ್ಣ ಮುಚ್ರಿ, ಒಂದ ಕಾಳೂ ಮ್ಯಾಲ ಬಿಡಬ್ಯಾಡ್ರಿ" ಎಂದು ಅಂಗಡಿಯವನು ಎರಡು ಸಲ ಹೇಳಿದ್ದ. ಪಕ್ಕದ ಮನೆಯ ಬೇಲಿಗೆ ತಾಗಿದ ಅಂಚೊಂದು ಉಳಿದಾಗ ಸೊಂಟ ಹಿಡಿಯಿತು. ನಾಳೆ ಮುಚ್ಚಿದರಾಯಿತೆಂದು ಕಂಟಿಯನ್ನು ಅಲ್ಲೇ ಬಿಟ್ಟು ಬಂದೆ.

ಮರುದಿನ ಬೆಳಿಗ್ಗೆ ಕಂಡದ್ದು ಆ ಎರಡು ಕೋಳಿ. ಪಕ್ಕದ ಮನೆಯವಳವು. ದಿನಾ ಬೇಲಿ ನುಸುಳಿ ಬರುತ್ತಿದ್ದವು ಮೂರು. ಗಂಡ ತೀರಿಕೊಂಡ ಮೇಲೆ ಕೂಲಿ ಮಾಡಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಳು. ಕೋಳಿಗಳನ್ನು ಚೀಲಕ್ಕೆ ಹಾಕಿ ಹೂತುಬಿಟ್ಟೆ. ಅವಳು ನೋಡಿ ಏನಾದರೂ ಕೇಳಿದರೆ ಎಂದು ಹೆದರಿ ಅಂಚನ್ನೂ ಮುಚ್ಚದೆ ಒಳಗೆ ಕುಳಿತೆ. ಹನ್ನೊಂದರ ಸುಮಾರಿಗೆ ಅವಳ ಮನೆಯಿಂದ ಮಸಾಲೆಯ ವಾಸನೆ ಬಂತು. ಕಾಣದ ಮೂರನೆಯ ಕೋಳಿ ನೆನಪಾಗಿ, ಕೋಲೂರಿಕೊಂಡು ಅವಳ ಮನೆಗೆ ಹೋದೆ.

"ಬರ್ರಿ ಕಾಕಾ, ವಾಸನಿ ಹಿಡ್ಕೊಂಡ ಬಂದ್ರೇನು?" ಎಂದು ನಕ್ಕಳು. "ಮುಂಜಾನಿಂದ ಕೋಳಿ ತೂಕಡಸಾಕತ್ತಿತ್ತು. ಸಾಯೂಕಿಂತ ಮೊದ್ಲ ಕೊಯ್ದಬಿಟ್ಟೆ. ಕುಂದರ್ರಿ, ಎರಡ ರೊಟ್ಟಿ ತಿನ್ರಿ."

ಮಕ್ಕಳಿಬ್ಬರೂ ತಾಟು ಹಿಡಿದು ಕುಳಿತಿದ್ದರು. ಕೂರುವವನಂತೆ ಬಗ್ಗಿ, ಕೋಲು ಚಾಚಿ ಸಾರಿನ ಪಾತ್ರೆ ಉರುಳಿಸಿದೆ.

ಕಿರಿಯವಳು ಅಳತೊಡಗಿದಳು. "ಅಯ್ಯ ಕಾಕಾ! ಕಣ್ಣ ಎಲ್ಲಿಟ್ಟಿದ್ರಿ?" ಎಂದು ತಾಯಿ ಕೂಗಿದಳು. ಅಷ್ಟರಲ್ಲಿ ನಾಯಿ ಬಂತು. ಅದನ್ನು ಅಟ್ಟಿ, ಸಾರಿನ ಮೇಲೆ ಬೂದಿ ಸುರಿದು, ಎಲ್ಲವನ್ನೂ ಬಳಿದು ಹಿತ್ತಲಿನ ಗುಂಡಿಗೆ ಹಾಕಿ ಮುಚ್ಚತೊಡಗಿದೆ.

"ನಮಗಂತೂ ಇಲ್ಲ, ನಾಯಿನರ ತಿನ್ನಲಿ ಬಿಡ್ರಿ. ಅದರ ಮ್ಯಾಲೂ ಸಿಟ್ಟೇನು?"

ಕೇಳಿಸದವನಂತೆ ಗುಂಡಿ ಮುಚ್ಚಿ ಮನೆಗೆ ಬಂದೆ. ಮಕ್ಕಳು ತಿನ್ನಲಿಲ್ಲ, ಮುಗಿಯಿತು ಅಂದುಕೊಂಡೆ. ಆದರೆ ಉಪ್ಪು ನೋಡಲು ಅವಳು ಒಂದು ಚಮಚೆ ಬಾಯಿಗೆ ಹಾಕಿಕೊಂಡಿದ್ದರೆ?

ಮಧ್ಯಾಹ್ನ ಹೊಲದಿಂದ ಕಂಟಿ ಎಳೆಯುವ ಸದ್ದು ಕೇಳಿಸಿತು. ಓಡಿದೆ. ಹಗ್ಗ ಹೆಗಲಿಗೆ ಹಾಕಿಕೊಂಡು, ಬರಿಗಾಲಲ್ಲಿ, ಅವಳೇ ಆ ಅಂಚಿನಲ್ಲಿ ಕಂಟಿ ಎಳೆಯುತ್ತಿದ್ದಳು. ಹಿಂದೆ ಮಕ್ಕಳಿಬ್ಬರೂ ಕುಕ್ಕುರುಗಾಲಲ್ಲಿ ಕುಳಿತು, ಮೇಲೆ ಉಳಿದ ಕಾಳಿನ ಮೇಲೆ ಅಂಗೈಯಿಂದ ಮಣ್ಣು ಸವರುತ್ತಿದ್ದರು.

"ನಿಮ್ಮ ಕೈ ನಡಗತಾವು ಕಾಕಾ, ಮುಂಜಾನಿ ನೋಡಿದ್ನೆಲ್ಲ. ನವಿಲ ತಿಂದಹೋದ್ರ ಮತ್ತ ಅಳ್ಕೋತ ಕುಂದರ್ತೀರಿ."

ಕಿರಿಯವಳು ಮೂಗು ಒರೆಸಿಕೊಳ್ಳಲು ಕೈ ಎತ್ತಿದಳು.

"ಕೈ ಕೆಳಗ ಇಡವ್ವಾ! ಬಾಯಿಗಿ ಹಚ್ಚಬ್ಯಾಡ! ವಿಷ ಐತಿ ಅದರಾಗ!" ಎಂದು ಚೀರಿದೆ.

ಹಗ್ಗ ಅವಳ ಹೆಗಲಿಂದ ಜಾರಿತು. ಮಕ್ಕಳನ್ನು ಎಳೆದುಕೊಂಡು ಹೋಗಿ ಸಾಬೂನು ಹಚ್ಚಿ ಮತ್ತೆ ಮತ್ತೆ ಕೈಕಾಲು ತೊಳೆದಳು. ಆಮೇಲೆ ನನ್ನತ್ತ ತಿರುಗಿದಳು.

"ಸಾರಿನ ಬೋಗೋಣಿ ಬೇಕಂತನ ಕೆಡವಿದ್ರಿ?"

"ಹೂಂ."

"ಉಪ್ಪ ನೋಡಿದ್ದೆ ನಾ. ಕೆಡವಾಕ ಕೋಲ ಇತ್ತು, ಹೇಳಾಕ ಬಾಯಿ ಇರಲಿಲ್ಲೇನು?"

ಆಟೋ ಮಾಡಿ ಮೂವರನ್ನೂ ಹಳಿಯಾಳದ ಆಸ್ಪತ್ರೆಗೆ ಕರೆದೊಯ್ದೆ. ವೈದ್ಯರ ಮುಂದೆ ಹೂತ ಕೋಳಿಗಳ ಸಂಗತಿಯನ್ನೂ ಹೇಳಿದೆ. ಅವಳು ಕೇಳಿಸಿಕೊಂಡಳು, ನನ್ನತ್ತ ನೋಡಲಿಲ್ಲ. ಸಂಜೆಯವರೆಗೆ ಬಾಗಿಲಲ್ಲಿ ನಿಂತಿದ್ದೆ. ಯಾರಿಗೂ ಏನೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಉಳಿದ ಅಂಚಿನಲ್ಲಿ ನಾನೇ ಕಂಟಿ ಎಳೆದೆ. ಅವಳು ಉಳಿದ ಕೋಳಿಗಳನ್ನು ಬುಟ್ಟಿಯಡಿ ಮುಚ್ಚಿಟ್ಟು, ನಾನು ಮುಗಿಸುವವರೆಗೂ ಬೇಲಿಯಾಚೆ ನಿಂತು ನೋಡಿದಳು.

"ಅಲ್ಲೊಂದ ಕಾಳ ಕಾಣತೈತಿ" ಎಂದು ಬೆರಳು ತೋರಿಸಿದಳು. ಕಾಕಾ ಎನ್ನಲಿಲ್ಲ.

ಬಗ್ಗಿ ಅದರ ಮೇಲೆ ಮಣ್ಣು ಹಾಕಿದೆ.