ಹನ್ನೊಂದು ಡಬ್ಬಿ ವಾಪಸ್ ತಂದ ಪ್ರಮೀಳಾ

ಬೆಳಗಿನ ಐದು ಗಂಟೆ. ಹೊನ್ನಾಳಿಯ ಕಲ್ಯಾಣ ಮಂಟಪವೊಂದರ ಹಿಂದಿನ ಕೋಣೆಯಲ್ಲಿ ಮದುವಣಗಿತ್ತಿ ರಕ್ಷಾ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಣ್ಣು ಮುಚ್ಚಿ ಕೂತಿದ್ದಾಳೆ. ಸುತ್ತ ಹನ್ನೆರಡು ಹೆಂಗಸರು. ಕೆಲಸ ಮಾಡುತ್ತಿರುವವರು ಒಬ್ಬರೇ, ಮಿಕ್ಕವರೆಲ್ಲ ಸಲಹೆ ಕೊಡುವವರು. ಆ ಒಬ್ಬರು ಬಸವಾಪಟ್ಟಣದ ಬ್ಯೂಟಿಷಿಯನ್ ಪ್ರಮೀಳಾ, ವಯಸ್ಸು ಮೂವತ್ತಾರು. ಅವರ ಹಣೆಗೆ ಅಡ್ಡಲಾಗಿ ಒಂದು ಕಂದು ಪಟ್ಟೆ, ಬಲಗೆನ್ನೆಯ ಕೆಳಗೆ ಬಿಳಿಚಿಕೊಂಡ ಎರಡು ಮಚ್ಚೆ. ಊರವರ ಮುಖವನ್ನೆಲ್ಲ ತಿದ್ದುವ ಈಕೆ ತಮ್ಮ ಮುಖಕ್ಕೆ ಏನನ್ನೂ ಬಳಿದುಕೊಂಡಿಲ್ಲ.

ಕಾರ್ತಿಕ ಮಾಸ, ಅಡಿಕೆ ಸುಲಿತದ ಕಾಲ. ರಕ್ಷಾ ಮೊನ್ನೆಯವರೆಗೂ ನ್ಯಾಮತಿ ಕಡೆ ಸುಲಿಯಲು ಹೋಗುತ್ತಿದ್ದವಳು. ಬೆರಳುಗಳೆಲ್ಲ ಅಡಿಕೆಯ ಕರೆ ಹಿಡಿದು ಕಪ್ಪಾಗಿವೆ. ಧಾರೆಯ ಹೊತ್ತಿಗೆ ಆ ಕೈಗಳ ಮೇಲೇ ಎಲ್ಲರ ಕಣ್ಣು. ಜಗಳೂರು ತಾಲ್ಲೂಕಿನ ಬಿಳಿಚೋಡಿನಿಂದ ಬಂದಿರುವ ಸೋದರತ್ತೆ ತಿಪ್ಪಮ್ಮನವರಿಗೆ ಅದೇ ಚಿಂತೆ.

"ಕೈಗೆ ಬ್ಲೀಚ್ ಹಾಕಮ್ಮ. ಗಂಡಿನ ಕಡೇರು ಏನಂದ್ಕಂಡಾರು?"

"ಬ್ಲೀಚ್ ನಾನು ಹಾಕಲ್ಲ ಅಕ್ಕಾರೆ. ಎಣ್ಣೆ ಹಚ್ಚಿ ತಿಕ್ತೀನಿ, ಹೋದಷ್ಟು ಹೋಗ್ತೈತೆ."

"ನಿನ್ ಮುಖಾನೇ ನೆಟ್ಟಗಿಲ್ಲ, ನಮ್ ಹುಡುಗೀನ ಏನ್ ಚಂದ ಮಾಡ್ತೀಯ? ನೀನ್ ಹೊರಡು, ಬೇರೆಯೋರನ್ನ ಕರೆಸ್ತೀವಿ."

ಇಂಥ ಮಾತು ಪ್ರಮೀಳಾ ಅವರಿಗೆ ಹೊಸದಲ್ಲ, ಆದರೂ ಮನಸ್ಸು ಲೆಕ್ಕ ಹಾಕತೊಡಗುತ್ತದೆ. ದಿನಕ್ಕೆ ಎಂಟು ಹತ್ತು ಜನರ ಹುಬ್ಬು ತಿದ್ದಿದರೆ ಪಾರ್ಲರಿನ ಬಾಡಿಗೆ ಹುಟ್ಟುತ್ತದೆ. ಮನೆ ನಡೆಯುವುದು ವರ್ಷದ ಇಪ್ಪತ್ತು ಮದುವೆಗಳಿಂದ. ಒಂದು ಮಂಟಪದಿಂದ ವಾಪಸ್ ಕಳಿಸಿದರೆ ಆ ಸುದ್ದಿ ಬಸ್ಸಿಗಿಂತ ಮೊದಲು ಊರು ಮುಟ್ಟುತ್ತದೆ. ಆಮೇಲೆ ಯಾರು ಕರೆಯುತ್ತಾರೆ?

ಪ್ರಮೀಳಾ ಅವರೂ ಅಡಿಕೆ ಸುಲಿದವರೇ. ಚನ್ನಗಿರಿಯಲ್ಲಿ ಮೂರು ತಿಂಗಳು ತರಬೇತಿ ಪಡೆದು, ಬಸವಾಪಟ್ಟಣದ ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ ಹಿಡಿದು ಪಾರ್ಲರ್ ತೆರೆದರು. ಬೆಳಿಗ್ಗೆ ಸುಲಿತ, ಮಧ್ಯಾಹ್ನ ಪಾರ್ಲರ್. ಕಪ್ಪು ಬೆರಳುಗಳಿಗೆ ಮುಖ ಒಡ್ಡಲು ಗಿರಾಕಿಗಳು ಹಿಂಜರಿಯುತ್ತಿದ್ದರು. ನಾಲ್ಕು ವರ್ಷದ ಹಿಂದೆ ಅಂಗಡಿಯವನೊಬ್ಬನ ಮಾತು ಕೇಳಿ, ಬೆಳ್ಳಗಾಗುವ ಕ್ರೀಮಿಗೆ ತುರಿಕೆಯ ಮುಲಾಮು ಬೆರೆಸಿ ಕೈಗೆ ಹಚ್ಚಿದರು. ಹದಿನೈದೇ ದಿನಕ್ಕೆ ಕೈ ತಿಳಿಯಾಯಿತು. ಅಷ್ಟರಲ್ಲಿ ಸಂಕ್ರಾಂತಿ ಕಳೆದು ಸುಲಿತವೂ ನಿಂತಿತ್ತು.

"ಸುಲಿತ ನಿಂತ್ರೆ ಕರೆ ತಾನೇ ಹೋಗ್ತೈತೆ, ಚಿಕ್ಕೋಳಿದ್ದಾಗಿಂದ ನೋಡೀನಿ. ಆ ವರ್ಷ ಮಾತ್ರ ಕ್ರೀಮಿಂದ ಹೋತು ಅಂದ್ಕಂಡೆ. ಆಸೆ ನೋಡ್ರಿ, ಕಣ್ಣಿಗೆ ಮಣ್ಣೆರಚ್ತೈತೆ" ಎನ್ನುತ್ತಾರೆ ಪ್ರಮೀಳಾ.

ಆಮೇಲೆ ಅದೇ ಕ್ರೀಮು ಮುಖಕ್ಕೆ ಬಂತು. ಎರಡು ತಿಂಗಳು ಮುಖ ಲಕಲಕ ಹೊಳೆಯಿತು. ಗುಟ್ಟೇನೆಂದು ಕೇಳಿದ ಹನ್ನೊಂದು ಮಂದಿಗೆ ಡಬ್ಬಿ ತುಂಬಿ ಕೊಟ್ಟರು. ನಾಲ್ಕನೇ ತಿಂಗಳು ಬಿಸಿಲಿಗೆ ಹೋದರೆ ಚುರುಗುಟ್ಟತೊಡಗಿತು. ಸಿಪ್ಪೆ ಎದ್ದು, ಕೆಂಪಾಗಿ, ಕಡೆಗೆ ಅಲ್ಲಲ್ಲಿ ಕಪ್ಪು, ಅಲ್ಲಲ್ಲಿ ಬಿಳಿ. ಹಚ್ಚುವುದನ್ನು ಬಿಟ್ಟರೆ ಇನ್ನೂ ಉರಿ. ದಾವಣಗೆರೆಯ ಚರ್ಮದ ಡಾಕ್ಟರು ಮುಲಾಮಿನ ಟ್ಯೂಬ್ ನೋಡಿ ತಲೆ ಚಚ್ಚಿಕೊಂಡರಂತೆ; ಅದು ಡಾಕ್ಟರನ್ನು ಕೇಳದೆ ಮುಖಕ್ಕೆ ಹಚ್ಚಬಾರದ ಸ್ಟೀರಾಯ್ಡ್ ಮುಲಾಮು. ಆರು ತಿಂಗಳು ಪಾರ್ಲರಿನ ಕನ್ನಡಿಗೆ ಟವೆಲ್ ಹೊದಿಸಿದ್ದರು ಪ್ರಮೀಳಾ. ಬ್ಯೂಟಿಷಿಯನ್ನಿಗೆ ಕನ್ನಡಿಯೇ ಬೇಡವಾದರೆ ಬದುಕು ಎಷ್ಟು ಕಷ್ಟ!

ಡಾಕ್ಟರು ಕೊಟ್ಟ ಔಷಧಿ, ಬಿಸಿಲಿಗೆ ಛತ್ರಿ, ಮಿಕ್ಕಿದ್ದು ತಾಳ್ಮೆ. ಮೊದಲು ಉರಿ ಹೋಯಿತು, ವರ್ಷಕ್ಕೆ ಕೆಂಪು ಹೋಯಿತು. ಅಂಗೈಯಗಲ ಇದ್ದ ಹಣೆಯ ಕಪ್ಪು ಈಗ ಎರಡು ಬೆರಳಿನಷ್ಟಿದೆ. ಆದರೆ ತಮ್ಮ ಮುಖ ಸರಿಹೋಗಲೆಂದು ಅವರು ಕಾದು ಕೂರಲಿಲ್ಲ. ಉರಿಯುವ ಮುಖವನ್ನೇ ಹೊತ್ತು ಬಸ್ಸು ಹತ್ತಿ, ಹನ್ನೊಂದು ಮನೆಗೂ ಹೋಗಿ ಡಬ್ಬಿ ವಾಪಸ್ ಕೇಳಿ ತಂದರು. ಕೆಲವರು ಬಾಯಿಗೆ ಬಂದಂತೆ ಬೈದರು. ಇಬ್ಬರ ಕೆನ್ನೆ ಆಗಲೇ ಕೆಂಪೇರಿತ್ತು, ಅವರನ್ನು ಜೊತೆಗೇ ಡಾಕ್ಟರ ಹತ್ತಿರ ಕರೆದೊಯ್ದರು. ಹನ್ನೊಂದನೆಯವಳು ಆಗ ಹದಿನೆಂಟರ ಹುಡುಗಿ, ಹಚ್ಚಲು ಶುರುಮಾಡಿ ನಾಲ್ಕೇ ದಿನವಾಗಿತ್ತು. ಅವಳೇ ಈಗ ಕುರ್ಚಿಯಲ್ಲಿ ಕೂತಿರುವ ರಕ್ಷಾ.

ರಕ್ಷಾ ಕಣ್ಣು ಬಿಡುತ್ತಾಳೆ. "ಅತ್ತೆ, ಇವ್ರು ಅವತ್ತು ಡಬ್ಬಿ ಕಿತ್ಕಂಡು ಹೋಗ್ದಿದ್ರೆ ನನ್ ಮುಖಾನೂ ಹಿಂಗೇ ಆಗ್ತಿತ್ತು. ಕೈ ಕಪ್ಪಿದ್ರೆ ಇರ್ಲಿ ಬಿಡ್ರಿ. ನಾಳೆ ಗಂಡನ ಮನೆಯಿಂದಾನೂ ಸುಲಿಯಾಕೆ ಹೋಗೋಳೇ ನಾನು. ಅಕ್ಕಾ, ನೀವ್ ಮಾಡ್ರಿ."

ತಿಪ್ಪಮ್ಮ ಮುಖ ಗಂಟಿಕ್ಕಿಕೊಂಡು ಹೊರಗೆ ಹೋಗುತ್ತಾರೆ. ಏಳರ ಹೊತ್ತಿಗೆ ಜಡೆ, ಹೂವು, ಸೀರೆ ಎಲ್ಲ ಮುಗಿಯುತ್ತದೆ. ಎಂಟೂವರೆಗೆ ಧಾರೆ. ಮದುಮಗ ಹಿಡಿದ ಕೈಯ ಬೆರಳ ತುದಿಗಳು ಕಪ್ಪಾಗಿಯೇ ಇವೆ. ಅಕ್ಷತೆ ಎಸೆಯುವ ಅವಸರದಲ್ಲಿ ಅದನ್ನು ಯಾರೂ ಗಮನಿಸಿದಂತಿಲ್ಲ.

ಊಟ ಮುಗಿಸಿ ಪ್ರಮೀಳಾ ನಲ್ಲಿಯ ಹತ್ತಿರ ಬ್ರಷ್ ತೊಳೆಯುತ್ತಿದ್ದಾರೆ. ತಿಪ್ಪಮ್ಮ ಬಂದು ಪಕ್ಕದಲ್ಲಿ ನಿಲ್ಲುತ್ತಾರೆ. ಅತ್ತಿತ್ತ ನೋಡಿ, ಸೆರಗಿನ ತುದಿ ಒದ್ದೆ ಮಾಡಿಕೊಂಡು ಕೆನ್ನೆಯ ಪೌಡರ್ ಒರೆಸುತ್ತಾರೆ. ಅಡಿಯಲ್ಲಿ ಕೆಂಪು, ಅದರ ಮೇಲೆ ಕಪ್ಪು ಚುಕ್ಕೆ.

"ಎರಡು ವರ್ಷ ಆತವ್ವ, ನಾನೂ ಬೆಳ್ಳಗಾಗೋ ಕ್ರೀಮು ಹಚ್ಚಾಕೆ ಹಿಡಿದು. ಬಿಟ್ರೆ ಬೆಂಕಿ ಬಿದ್ದಂಗೆ ಉರಿತೈತೆ. ಮನ್ಯಾಗೆ ಯಾರಿಗೂ ಹೇಳಿಲ್ಲ. ನಿಂಗೂ ಹಿಂಗೇ ಶುರುವಾಗಿತ್ತಾ?"

"ಹಿಂಗೇ ಅಕ್ಕಾರೆ. ನೀವಾಗೇ ಒಂದೇ ಸಲಕ್ಕೆ ನಿಲ್ಲಿಸಬ್ಯಾಡ್ರಿ, ಡಾಕ್ಟ್ರು ಹೇಳ್ದಂಗೆ ಮಾಡ್ರಿ. ಸೋಮವಾರ ದಾವಣಗೆರೆಗೆ ಬರ್ರಿ, ನಾನೂ ಬರ್ತೀನಿ."

ಬೆಳಗಿನ ಜಗಳವನ್ನು ಇಬ್ಬರೂ ಎತ್ತುವುದಿಲ್ಲ. ಬಸವಾಪಟ್ಟಣದ ಬಸ್ಸಿಗೆ ಕಾಯುತ್ತ ಪ್ರಮೀಳಾ ಛತ್ರಿ ಬಿಚ್ಚುತ್ತಾರೆ. ಮದುವೆ ಮನೆಗೆ ಹೋಗುವಾಗಲಾದರೂ ಮೇಕಪ್ ಹಾಕಿ ಕಲೆ ಮುಚ್ಚಬಹುದಲ್ಲವೇ ಎಂದು ಕೇಳಿದರೆ ನಗುತ್ತಾರೆ.

"ನಂಗದು ಹತ್ತು ನಿಮಿಷದ ಕೆಲಸ ರೀ. ಆದ್ರೆ ನಾನು ಮುಚ್ಕಂಡು ಬಂದಿದ್ರೆ, ಆಯಮ್ಮ ಇವತ್ತು ಯಾರನ್ನ ಕೇಳ್ಬೇಕಿತ್ತು?"