ಕೆರೆಗೆ ಬಿಡಬೇಕಾಗಿದ್ದ ಕೋಲು

ನಮ್ಮಪ್ಪ ಇಂದುಧರಪ್ಪನವರು ಅರಸೀಕೆರೆ ಸ್ಟೇಷನ್ನಿನಲ್ಲಿ ಪಾರ್ಸೆಲ್ ಗುಮಾಸ್ತರು. ಎಲೆ ಅಡಿಕೆ ಹಾಕುತ್ತಿರಲಿಲ್ಲ, ಇಸ್ಪೀಟು ಮುಟ್ಟುತ್ತಿರಲಿಲ್ಲ, ಯಾರ ಮೇಲೂ ದನಿ ಏರಿಸಿದವರಲ್ಲ. ಇದ್ದದ್ದು ಒಂದೇ ಹುಚ್ಚು, ಬಿಲಿಯರ್ಡ್ಸ್. ಸಂಜೆ ಕೆಲಸ ಮುಗಿಯಿತೆಂದರೆ ಹಳಿ ದಾಟಿ ಕ್ಲಬ್ಬಿಗೆ ಓಟ. ಅಲ್ಲಿ ಹಸಿರು ಬಟ್ಟೆ ಹೊದಿಸಿದ ಒಂದು ಮೇಜು, ಮೂರು ಗುಂಡು, ಗೋಡೆಗೆ ಒರಗಿಸಿದ ಒಂದಷ್ಟು ಕೋಲು. ಎಲ್ಲರೂ ಮುಟ್ಟಿ ಮುಟ್ಟಿ ಅಂಟಂಟಾಗಿದ್ದ ಆ ಕೋಲುಗಳು ಅವರಿಗೆ ಹಿಡಿಸಲಿಲ್ಲ. ತಮ್ಮದೇ ಆದ ಒಂದು ಕೋಲು ಇರಬೇಕು ಎಂದು ಹಟ ಹಿಡಿದರು. ಸುಮ್ಮನೆ ಆ ಅಂಟುಕೋಲಿನಲ್ಲೇ ಆಡಿಕೊಂಡಿದ್ದರೆ ಏನಾಗುತ್ತಿತ್ತು ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ.

ಮೊದಲನೆಯದು ಬೆಂಗಳೂರಿನಿಂದ ಟಪಾಲಿನಲ್ಲಿ ಬಂತು. ಎರಡು ತುಂಡು, ನಡುವೆ ಹಿತ್ತಾಳೆಯ ತಿರುಪು. ನೋಡಲು ಮದುಮಗನ ಹಾಗೆ ಇತ್ತಂತೆ. ಬೇಸಗೆ ಬಂದದ್ದೇ ತಡ, ತಿರುಪು ಸಡಿಲವಾಗಿ ಪ್ರತಿ ಹೊಡೆತಕ್ಕೂ ಟಕ್ ಎನ್ನತೊಡಗಿತು. ಎರಡನೆಯದನ್ನು ಊರು ಬಿಟ್ಟು ಹೊರಟ ಒಬ್ಬ ಗಾರ್ಡು ದಾಟಿಸಿದ. ಗೋಡೆಗೆ ಒರಗಿಸಿ ತೋರಿಸಿದಾಗ ನೆಟ್ಟಗೆ ಕಂಡದ್ದು, ಮನೆಗೆ ತಂದು ಮಂಚದ ಹಲಗೆಯ ಮೇಲೆ ಉರುಳಿಸಿದರೆ ಕುಂಟುತ್ತಾ ಉರುಳಿತು. ಕೊಳ್ಳುವ ಮೊದಲು ಮೇಜಿನ ಮೇಲೆ ಉರುಳಿಸಿ ನೋಡಬೇಕು ಎಂಬುದನ್ನು ಅಪ್ಪ ಹೀಗೆ ಕಲಿತರು. ಹಸಿಮರ ಒಣಗುತ್ತಾ ಬಾಗುತ್ತದೆ, ಚೆನ್ನಾಗಿ ಪಳಗಿದ ಹಳೆಯ ಮರವೇ ಆಗಬೇಕು ಎಂಬುದು ಅವರು ಕಲಿತ ಇನ್ನೊಂದು ಪಾಠ. ಈ ಎರಡನೆಯ ಪಾಠವೇ ನಮ್ಮ ಮನೆಗೆ ಮುಳುವಾಯಿತು.

ಹತ್ತಿರದ ಗಂಡಸಿ ಊರಿನಲ್ಲಿ ಹುಚ್ಚಾಚಾರಿ ಎಂಬ ಬಡಗಿ ಇದ್ದ. ಅಪ್ಪ ಹಳೆಯ ಕೋಲನ್ನು ಅಳತೆಗೆ ಕೊಟ್ಟು, ಎಂದೂ ಬಾಗದ ಮರ ಬೇಕು ಎಂದರು. ಆಚಾರಿ ಸ್ವಲ್ಪ ಯೋಚಿಸಿ, "ಐತೆ ಸ್ವಾಮಿ" ಎಂದ. ಮಾಡಿಕೊಟ್ಟ ಕೋಲು ನಯವಾಗಿತ್ತು, ಬಾಣದಂತೆ ನೆಟ್ಟಗಿತ್ತು. ಅಂಗೈ ಬೆವರಿದಾಗ ಮಾತ್ರ ಅದರಿಂದ ಎಣ್ಣೆ, ವಿಭೂತಿಯ ವಾಸನೆ ಏಳುತ್ತಿತ್ತು. ಅಪ್ಪ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ಆಗ ನಮ್ಮಮ್ಮ ಸುಮಿತ್ರಮ್ಮ ಬಸುರಿ. ಮೊದಲ ಎರಡು ಮಕ್ಕಳೂ ತೊಟ್ಟಿಲು ಕಾಣದೆ ಮಣ್ಣಿಗೆ ಹೋಗಿದ್ದವು. ಮೂರನೆಯದು ನಾನು. ಈ ಸಲ ಏನಾಗುವುದೋ ಎಂದು ಅಮ್ಮ ಬಾಯಿ ಬಿಟ್ಟು ಕೇಳುತ್ತಿರಲಿಲ್ಲ, ಅಪ್ಪನೂ ಆ ಮಾತು ತೆಗೆಯುತ್ತಿರಲಿಲ್ಲ. ಮಾತು ತಪ್ಪಿಸಲಿಕ್ಕೇ ಅಪ್ಪ ಕ್ಲಬ್ಬಿನಲ್ಲಿ ಇನ್ನಷ್ಟು ಹೊತ್ತು ಇರುತ್ತಿದ್ದರೆಂದು ಕಾಣುತ್ತದೆ.

ಒಂದು ಸಂಜೆ ಅಪ್ಪ ಮೇಜಿನ ಮೇಲೆ ಬಗ್ಗಿ ಗುರಿ ಹಿಡಿದಿದ್ದರು. ಜೊತೆಗೆ ಆಡುತ್ತಿದ್ದ ತಂತಿ ಗುಮಾಸ್ತ ವೆಂಕಟರಾಮಯ್ಯನವರ ತಾಯಿ ತುಮಕೂರಿನಲ್ಲಿ ಹಾಸಿಗೆ ಹಿಡಿದಿದ್ದರು. ಅವರು ಯಾವುದೋ ಯೋಚನೆಯಲ್ಲಿ, "ನಮ್ಮಮ್ಮ ಈ ಸಲ ಎದ್ದು ಓಡಾಡ್ತಾಳೇನಯ್ಯ ಇಂದುಧರ?" ಎಂದರು. ಕೋಲು ಅಪ್ಪನ ಕೈಯಲ್ಲಿ ಹಿಂದಕ್ಕೆ ಸರಿಯಿತು. ಮುಂದಕ್ಕೆ ನೂಕಿದರು, ಬರಲಿಲ್ಲ. ಬೆನ್ನ ಹಿಂದಿನಿಂದ ಯಾರೋ ಹಿಡಿದೆಳೆದ ಹಾಗೆ ಹಿಂದಕ್ಕೇ ಹೋಯಿತು. ನೋಡಿದವರು ನಕ್ಕರು. ಮರುದಿನ ವೆಂಕಟರಾಮಯ್ಯನವರು ತಂತಿಯಂತ್ರದ ಮುಂದೆ ಕೂತು, ತಮ್ಮ ತಾಯಿ ಹೋದ ಸುದ್ದಿಯನ್ನು ತಮ್ಮ ಕೈಯಿಂದಲೇ ಅಕ್ಷರ ಅಕ್ಷರವಾಗಿ ಬರೆದುಕೊಂಡರು.

ಅನಂತರ ಇನ್ನೊಬ್ಬರು, ನಂಬಿಕೆಯಿಂದಲೋ ತಮಾಷೆಗೋ, ತಮಗೆ ವರ್ಗವಾಗುತ್ತದೆಯೇ ಎಂದು ಕೇಳಿದರು. ಕೋಲು ತಾನಾಗಿ ಮುಂದಕ್ಕೆ ನುಗ್ಗಿ ಗುಂಡನ್ನು ನೆಲಕ್ಕೆ ಹಾರಿಸಿತು. ಅದೇ ವಾರ ವರ್ಗದ ಹುಕುಂ ಬಂತು. ಆಮೇಲೆ ಅಪ್ಪ ಆಡಲು ನಿಂತರೆ ಕ್ಲಬ್ಬಿನಲ್ಲಿ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಗುಂಡಿಗೆ ಗುಂಡು ತಾಗುವ ಸದ್ದೊಂದೇ ಕೇಳುತ್ತಿತ್ತಂತೆ. ಅಪ್ಪನಿಗಿದ್ದ ಹೆದರಿಕೆಯೇ ಬೇರೆ. ಯಾರಾದರೂ ಬಾಯಿ ತಪ್ಪಿ ಹೊಟ್ಟೆಯಲ್ಲಿರುವ ಕೂಸಿನ ವಿಷಯ ಕೇಳಿಬಿಟ್ಟರೆ?

ಅಪ್ಪ ಗಂಡಸಿಗೆ ಹೋಗಿ ಆಚಾರಿಯ ಮುಂದೆ ಕೋಲು ಇಟ್ಟರು. ಅವನು ಅದನ್ನು ಮುಟ್ಟಲಿಲ್ಲ.

"ಹಳೇ ಅಡ್ಡೆಯ ಗಳ ಸ್ವಾಮಿ ಅದು" ಎಂದ. "ನಾನೇ ಹೊಸಾದು ಮಾಡ್ಕೊಟ್ಟೆ. ಹಳೇದನ್ನ ಕೆರೆಗೆ ಬಿಡು ಅಂತ ಗುಡಿಯೋರು ನನ್ ಕೈಗೆ ಕೊಟ್ರು. ಅಂಥಾ ಮರ ನೀರಿಗಾಕಕ್ಕೆ ಮನಸು ಬರ್ನಿಲ್ಲ."

ನಮ್ಮ ಕಡೆಯವರಿಗೆ ಅಡ್ಡೆದೇವರೆಂದರೆ ಹೇಳಬೇಕಾಗಿಲ್ಲ. ಎರಡು ಉದ್ದನೆಯ ಗಳ, ನಡುವೆ ದೇವರ ಪೆಟ್ಟಿಗೆ, ಹಿಂದೊಬ್ಬರು ಮುಂದೊಬ್ಬರು ಹೆಗಲು ಕೊಟ್ಟಿರುತ್ತಾರೆ. ಕಷ್ಟ ಇದ್ದವರು ಎದುರು ನಿಂತು ಕೇಳುತ್ತಾರೆ. ಹೌದು ಎಂದರೆ ಅಡ್ಡೆ ಮುಂದಕ್ಕೆ ನುಗ್ಗುತ್ತದೆ, ಇಲ್ಲ ಎಂದರೆ ಹಿಂದಕ್ಕೆ ಸರಿಯುತ್ತದೆ. ತಲೆಮಾರುಗಳಿಂದ ಅದೊಂದೇ ಕೆಲಸ ಮಾಡಿಕೊಂಡು ಬಂದ ಮರವನ್ನು ಅಪ್ಪ ಗುಂಡು ಹೊಡೆಯಲು ಹಚ್ಚಿದ್ದರು.

"ಈಗ ಏನು ಮಾಡಲಪ್ಪ?"

"ಈಗ್ಲಾದ್ರೂ ಕೆರೆಗೆ ಬಿಟ್ಬುಡಿ. ಒಬ್ರೇ ತಕ್ಕಂಡು ಹೋಗಂಗಿಲ್ಲ, ಹಿಂದೊಬ್ರು ಮುಂದೊಬ್ರು ಹಿಡೀಬೇಕು. ದಾರೀಲಿ ಏನೂ ಕೇಳ್ಬ್ಯಾಡಿ."

ಇನ್ನೊಂದು ತುದಿ ಹಿಡಿಯಲು ಕ್ಲಬ್ಬಿನ ಒಬ್ಬರೂ ಒಪ್ಪಲಿಲ್ಲ. ವೆಂಕಟರಾಮಯ್ಯನವರು ಕೈ ಮುಗಿದು ಒಳಗೆ ಹೋದರು. ಅಮ್ಮ ಸೆರಗು ಸಿಕ್ಕಿಸಿಕೊಂಡು, "ನಾನು ಹಿಡೀತೀನಿ, ನಡೀರಿ" ಎಂದಳು. ಬೇಡವೆಂದರೂ ಕೇಳಲಿಲ್ಲ.

ಬೆಳಗಿನ ಎಳೆಬಿಸಿಲಿನಲ್ಲಿ ಇಬ್ಬರೂ ಹೊರಟರು. ಅಪ್ಪ ಮುಂದೆ, ಅಮ್ಮ ಹಿಂದೆ. ಕೆರೆಯ ಏರಿಯ ಮೇಲೆ ಸೌದೆ ಹೊರೆ ಇಳಿಸಿ ಕೂತಿದ್ದ ಭಾಗಮ್ಮ ಪಾಪ, ಏನೂ ತಿಳಿಯದೆ, "ಈ ಸಲನಾದ್ರೂ ಕೂಸು ಉಳೀತದೇನ್ ತಾಯಿ?" ಎಂದಳು. ಅಪ್ಪ ತಿರುಗುವ ಮೊದಲೇ ಕೋಲು ಮುಂದಕ್ಕೆ ನುಗ್ಗಿತು. ಅಪ್ಪ ಮುಗ್ಗರಿಸಿದರು, ಅಮ್ಮನೂ ಎಳೆದ ಹಾಗೆ ನಾಲ್ಕು ಹೆಜ್ಜೆ ಓಡಿದಳು. ಅಪ್ಪ ಆ ಏರಿಯ ಮೇಲೆಯೇ ನಿಂತು ಗಂಡಸೆನ್ನುವುದನ್ನೂ ಮರೆತು ಗಳಗಳನೆ ಅತ್ತರು. ಅಮ್ಮ ನಗುತ್ತಾ, "ನಡೀರಿ, ಜನ ನೋಡ್ತಾರೆ" ಎಂದಳು.

ನೀರಿನ ಅಂಚಿಗೆ ಬಂದಾಗ ಅಮ್ಮ ತನ್ನ ತುದಿ ಹಿಡಿದು ನೀರನ್ನೇ ನೋಡುತ್ತಾ ನಿಂತಳು. ಅಪ್ಪ ಕೋಲಿಗೆ ಕಟ್ಟಲು ಕಲ್ಲು ಹುಡುಕುತ್ತಾ ಒಂದು ಕೈಯಲ್ಲಿ ತುದಿ ಹಿಡಿದೇ ಇದ್ದರು. ಆ ಕೈಯಲ್ಲಿ ಕೋಲು ಮೆಲ್ಲಗೆ ಹಿಂದಕ್ಕೆ ಸರಿಯಿತು.

"ಏನೇ ಅದು? ಏನಾದ್ರೂ ಕೇಳಿದ್ಯಾ?"

"ಏನಿಲ್ಲ ಕಣ್ರೀ. ಕಾಲು ಜಾರ್ತು."

ಕಲ್ಲು ಕಟ್ಟಿ ಬಿಟ್ಟರು, ಮುಳುಗಿತು.

ಮುಂದಿನ ತಿಂಗಳುಗಳಲ್ಲಿ ಅಮ್ಮನಿಗೆ ಒಂದು ಹೊಸ ಹಟ ಶುರುವಾಯಿತು. ಅಪ್ಪನನ್ನು ಕ್ಲಬ್ಬಿಗೆ ಬಿಡದೆ ಒಲೆಯ ಮುಂದೆ ಕೂರಿಸಿ ರಾಗಿ ಅಂಬಲಿ ಕಾಯಿಸುವುದನ್ನು ಕಲಿಸಿದಳು. ಪಕ್ಕದ ಮನೆಯ ಸುವರ್ಣಮ್ಮನ ಕೂಸನ್ನು ತಂದು, ಕಾಲು ನೀಡಿ ಮಲಗಿಸಿಕೊಂಡು ನೀರು ಎರೆಯುವುದನ್ನು ತೋರಿಸಿಕೊಟ್ಟಳು. ಗಂಡಸಿಗೆ ಯಾಕೆ ಈ ಬಾಣಂತಿಯ ಕೆಲಸ ಎಂದು ಅಪ್ಪ ಗೊಣಗಿದರೆ, "ನಾನು ಸೋಮಾರಿ ಕಣ್ರೀ, ನೀವೇ ಮಾಡ್ಬೇಕಾಗ್ತದೆ" ಎಂದು ನಗಿಸುತ್ತಿದ್ದಳು. ಅಪ್ಪನೂ ನಕ್ಕರು. ನಾನು ಹುಟ್ಟಿದ ವಾರದೊಳಗೆ ಅಮ್ಮ ತೀರಿಕೊಂಡಳು.

ನನ್ನನ್ನು ಎರೆದು, ಅಂಬಲಿ ಕುಡಿಸಿ, ಜಡೆ ಹಾಕಿ ಬೆಳೆಸಿದ್ದು ಅಪ್ಪನೇ. ಬಹಳ ವರ್ಷಗಳ ಮೇಲೆ ಕ್ಲಬ್ಬಿಗೆ ಮತ್ತೆ ಹೋಗತೊಡಗಿದರು, ಆ ಅಂಟುಕೋಲುಗಳಲ್ಲೇ ಆಡಿದರು. ಹೊಸಬರು ಕೋಲು ಕೊಳ್ಳಲು ಹೊರಟರೆ, ಮೇಜಿನ ಮೇಲೆ ಉರುಳಿಸಿ ನೋಡಿ, ಆ ಮರ ಮೊದಲು ಎಲ್ಲಿತ್ತು ಎಂದು ಕೇಳಿ, ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ.

ನನಗೆ ಮದುವೆ ಗೊತ್ತಾದಾಗ ಅಪ್ಪ ನನ್ನನ್ನು ಕೆರೆಗೆ ಕರೆದುಕೊಂಡು ಹೋಗಿ ಇದನ್ನೆಲ್ಲ ಹೇಳಿದರು, ಅಮ್ಮ ನಿಂತಿದ್ದ ಜಾಗ ತೋರಿಸಿದರು. ನಾನು ಚಪ್ಪಲಿ ಕಳಚಿ ಅಲ್ಲಿ ನಿಂತು ನೋಡಿದೆ. ಒರಟಾದ ಗೊರಜುಕಲ್ಲಿನ ನೆಲ. ಯಾರ ಕಾಲೂ ಜಾರುವ ಜಾಗವಲ್ಲ ಅದು.