ಗುಡ್ ಬೇಡ, ಬೇರೆ ಪದ ಕೊಡಿ

"ಗುಡ್ ಬೇಡ, ಬೇರೆ ಪದ ಕೊಡಿ" ಎಂದು ಆಕೆ ಇಂಗ್ಲಿಷಿನಲ್ಲಿ ಕೇಳಿದರು.

ತರೀಕೆರೆ ಬಸ್‌ಸ್ಟ್ಯಾಂಡಿನ ಎದುರು ಎಳನೀರು ಕುಡಿಯುತ್ತಿದ್ದೆವು. ಆಕೆ ಪೋಲೆಂಡಿನವರು, ಕೆಮ್ಮಣ್ಣುಗುಂಡಿಗೆ ಹೊರಟಿದ್ದರು. ಈಗಷ್ಟೇ ಇಂಗ್ಲಿಷ್ ಕಲಿಯುತ್ತಿದ್ದಾರಂತೆ. ಕಂಡದ್ದನ್ನು, ತಿಂದದ್ದನ್ನು ಬಣ್ಣಿಸುವ ಇಂಗ್ಲಿಷ್ ಪದಗಳನ್ನೆಲ್ಲ ಪೋಲಿಷ್ ಅರ್ಥದೊಂದಿಗೆ ನೋಟ್‌ಬುಕ್ಕಿನಲ್ಲಿ ಬರೆದಿದ್ದರು. 'ಗುಡ್' ಪದದ ಮೇಲೆ ಮಾತ್ರ ಗೀಟು ಎಳೆದಿದ್ದರು. ಈಗ ಎಳನೀರಿಗೊಂದು ಪದ ಬೇಕಿತ್ತು. ಅಜ್ಜಂಪುರದಲ್ಲಿ ಇಪ್ಪತ್ತು ವರ್ಷದಿಂದ ಇಂಗ್ಲಿಷ್ ಪಾಠ ಮಾಡುತ್ತಿರುವ ನಾನು "ವೆರಿ ಗುಡ್" ಎಂದೆ.

ಎಳನೀರು ಮಾರುವ ಗೌರಮ್ಮ ವಿಷಯವೇನೆಂದು ನನ್ನಿಂದ ಕೇಳಿ ತಿಳಿದುಕೊಂಡು, ಮಚ್ಚಿನ ಹಿಂಬದಿಯಿಂದ ಕುಟ್ಟಿ ನೋಡಿ ಮೂರು ಕಾಯಿ ಆರಿಸಿ ಕೆತ್ತಿದರು. "ಇದು ತೀರಾ ಎಳೇದು, ಒಗರು. ಇದು ಗಂಜಿಗಾಯಿ, ಸಿಹಿ. ಇದು ಬಲ್ತೈತೆ, ನಾಲಿಗೆ ಮೇಲೆ ಜುಮ್ಮಂತೈತೆ. ಎಲ್ಲಕ್ಕೂ ಒಂದೇ ಮಾತು ಹೇಳಿದ್ರೆ ಹೆಂಗೆ ಮೇಷ್ಟ್ರೇ?"

ಪೋಲೆಂಡಿನಾಕೆ ಮೂರನ್ನೂ ಅರ್ಧರ್ಧ ಕುಡಿದರು. ಉಳಿದದ್ದನ್ನು ನಾನು ಕುಡಿದೆ. ಮೊದಲೆರಡಕ್ಕೆ ಪದ ಸಿಕ್ಕಿತು. ಮೂರನೆಯದಕ್ಕೆ ಇಬ್ಬರೂ ಕಣ್ಣು ಮುಚ್ಚಿ ಹುಡುಕುತ್ತಿರುವಾಗ ಕೆಮ್ಮಣ್ಣುಗುಂಡಿಯ ಬಸ್ಸು ಹೊರಟೇಬಿಟ್ಟಿತು. "ಟಿಂಗ್ಲಿಂಗ್" ಎಂದು ನಾನು ಕೂಗಿದ್ದೇ ತಡ, ಆಕೆ ಬಸ್ಸಿನ ಕಡೆ ತಿರುಗಿಯೂ ನೋಡದೆ ಪದ ಬರೆದುಕೊಂಡರು.

ಸೋಮವಾರ ಮಕ್ಕಳ ಪ್ರಬಂಧ ತಿದ್ದಲು ಕೂತೆ. ಹಿಂದಿನ ಪುಟ ತಿರುವಿದರೆ, ಎಲ್ಲ ನೋಟ್‌ಬುಕ್ಕಿನಲ್ಲೂ ಕೆಂಪು ಇಂಕಿನಲ್ಲಿ ನನ್ನದೇ ಕೈಬರಹ: ಗುಡ್, ಗುಡ್, ಗುಡ್. ಅಂದು ಮೊದಲ ಪ್ರಬಂಧವನ್ನು ಎರಡು ಸಲ ಓದಿದ ಮೇಲೆಯೇ ಪೆನ್ನಿನ ಕ್ಯಾಪು ತೆಗೆದೆ.